ದೀಪ ಹಚ್ಚಿದ ಮೇಲೆ

ಮಹಾರಾಜರ ಕಾಲದ ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲೊಬ್ಬರು ಅಜ್ಜಿಯಿದ್ದರು. ಸಂಜೆ ದೀಪಕ್ಕೆ ಎಣ್ಣೆ ಎರೆಯುವಾಗ ಕಣ್ಣು ಅರೆ ಮುಚ್ಚಿ, “ಸರಿ ಅನ್ನಾದು ಯಾವತ್ತಿಗೂ ಒಂದೇಯ ಕಣವ್ವ” ಎನ್ನುತ್ತಿದ್ದರು. ದೀಪ ಹಚ್ಚಿದ ಮೇಲೆ ಮನೆಯ ಉಪ್ಪು ಹೊಸಿಲು ದಾಟಬಾರದು, ಉರಿಯುವ ದೀಪವನ್ನು ಊದಿ ಆರಿಸಲೂಬಾರದು. ಇವೆರಡರಲ್ಲಿ ಅವರು ಯಾರ ಮಾತಿಗೂ ಜಗ್ಗುತ್ತಿರಲಿಲ್ಲ.

ಈಗ ಮೊಮ್ಮಕ್ಕಳನ್ನು ಕಂಡಿರುವ ನನ್ನ ತಂಗಿ ಆಗ ಕೂಸು. ಹೊಳೆಯ ಮಂಜು ಬೀದಿಗೆ ಇಳಿಯುತ್ತಿದ್ದ ಒಂದು ಸಂಜೆ, ಉಮ್ಮತ್ತಿಯ ವಿಷಬೀಜ ನುಂಗಿ, ಗಾಳಿಯಲ್ಲಿ ಇಲ್ಲದ ಹೂ ಕೀಳತೊಡಗಿದಳು. ನಮ್ಮ ಮನೆಯಲ್ಲಿ ಉಪ್ಪು ತೀರಿತ್ತು; ಅವ್ವ ಅವಳನ್ನು ಎತ್ತಿಕೊಂಡು ಅಜ್ಜಿಯ ಬಾಗಿಲಿಗೆ ಓಡಿದಳು.

“ಒಂದಿಡಿ ಉಪ್ಪು ಕೊಡಿ ಅಜ್ಜಮ್ಮ, ಕೂಸಿಗೆ ವಾಂತಿ ಮಾಡಿಸ್ಬೇಕು.”

ಅಜ್ಜಿ ಉರಿಯುವ ದೀಪವನ್ನೇ ನೋಡುತ್ತ ನಿಂತರು. ಆಮೇಲೆ ಊದಿಬಿಟ್ಟರು. ಕತ್ತಲಲ್ಲಿ ಅವ್ವನ ಸೆರಗಿಗೆ ಉಪ್ಪು ಬಿತ್ತು.

“ತಕ್ಕೊಂಡೋಗು, ನಾನಿನ್ನೂ ದೀಪಾನೇ ಅಚ್ಚಿಲ್ಲ ಕಣವ್ವ.”

ಅವರ ಬೆನ್ನ ಹಿಂದೆ ಬತ್ತಿ ಇನ್ನೂ ಹೊಗೆಯಾಡುತ್ತಿತ್ತು.