ನಡುನೀರಿನಲ್ಲಿ ಬಂದ್ ಮಾಡಿದ ಎಂಜಿನ್

ಹೊಸ ಸ್ವಿಚ್ಚಿನ ರಬ್ಬರ್ ಟೋಪಿಗೆ ಒಂದು ವಾಸನೆ ಇರುತ್ತದೆ. ಹೊಸ ಚಪ್ಪಲಿ, ಸೈಕಲ್ ಟ್ಯೂಬು ಎಲ್ಲ ಸೇರಿದಂಥದು. ಕಳೆದ ವಾರ ದೋಣಿಯ ಸ್ಟಾರ್ಟ್ ಸ್ವಿಚ್ ಬದಲಿಸಬೇಕೆಂದು ಬಾಗಲಕೋಟೆಯ ಅಂಗಡಿಯಿಂದ ಒಂದನ್ನು ತಂದು, ಪೊಟ್ಟಣ ಹರಿದು ಮೂಗಿಗೆ ಹಿಡಿದೆ. ಸ್ವಿಚ್ ಮೂಸುತ್ತ ಕೂತ ಗಂಡನನ್ನು ನೋಡಿ ಹೆಂಡತಿ ತನ್ನ ಪಾಡಿಗೆ ಒಳಗೆ ಹೋದಳು. ಇಷ್ಟು ವರ್ಷ ನನ್ನ ಜೊತೆ ಕಳೆದ ಮೇಲೆ ಅವಳಲ್ಲಿ ಬೆರಗು ಉಳಿದಿಲ್ಲ. ನನಗೆ ಮಾತ್ರ ಪಕ್ಕದ ಮನೆಯ ಕಾಕಾ ನೆನಪಾದರು...

ಸಂಬಂಧದಲ್ಲಿ ಅವರು ನನಗೆ ಕಾಕಾ ಅಲ್ಲ. ಇಳಕಲ್ಲಿನಿಂದ ಬಂದು ನಮ್ಮ ಓಣಿಯಲ್ಲಿ ಮಗ್ಗ ಹೂಡಿದ ನೇಕಾರರು. ಅವರ ಮಗ್ಗದ ಸದ್ದಿಗೆ ನಾವು ಎಷ್ಟು ಒಗ್ಗಿದ್ದೆವೆಂದರೆ, ಅದು ನಿಂತಾಗಲೇ ನಮಗೆ ಎಚ್ಚರವಾಗುತ್ತಿತ್ತು. ಮಗ್ಗದ ಮೋಟರಿನ ಸ್ವಿಚ್ಚನ್ನು ತಾವೇ ರಿಪೇರಿ ಮಾಡಿಕೊಳ್ಳುತ್ತಿದ್ದುದರಿಂದ ಜಗತ್ತಿನ ಸ್ವಿಚ್ಚುಗಳೆಲ್ಲ ತಮಗೆ ಗೊತ್ತು ಎಂಬ ನಂಬಿಕೆ ಅವರಿಗಿತ್ತು.

ನನ್ನದು ಕರಾವಳಿಯಲ್ಲಿ ಯಾರೋ ಬಳಸಿ ಮಾರಿದ ಪುಟ್ಟ ಹಾಯಿದೋಣಿ, ಹೊಟ್ಟೆಯಲ್ಲಿ ಸಣ್ಣ ಡೀಸೆಲ್ ಎಂಜಿನ್. ಘಟಪ್ರಭೆಯ ಹಿನ್ನೀರಿನ ಆಚೆ ದಂಡೆಯ ಹಳ್ಳಿಯವರನ್ನು ಈಚೆ ದಾಟಿಸಿ ಹೊಟ್ಟೆ ಹೊರೆಯುತ್ತಿದ್ದೆ. ಹಾಯಿ ಇತ್ತು, ಆದರೆ ನಮ್ಮ ಕಡೆಯ ಗಾಳಿ ಲೈನ್‌ಮನ್ ಇದ್ದ ಹಾಗೆ, ಕರೆದಾಗ ಬರುವುದಿಲ್ಲ. ಇಂಥ ಕೆಲಸಕ್ಕೆ ಗಟ್ಟಿ ಗುಂಡಿಗೆ ಬೇಕು. ನಾನೋ ಮನೆಯ ನಳ ತೊಟ್ಟಿಕ್ಕಿದರೂ ಊರು ಮುಳುಗುವ ಕನಸು ಕಾಣುವವನು.

ಕನಸು ಒಂದು ದಿನ ಅರ್ಧ ನಿಜವಾಯಿತು. ಬಸುರಿಯೊಬ್ಬಳ ಕುಬಸದ ಕಾರ್ಯಕ್ಕೆ ಹೊರಟ ಹೆಣ್ಣುಮಕ್ಕಳು ಬುಟ್ಟಿ ಸಮೇತ ದೋಣಿಯಲ್ಲಿದ್ದರು. ನಡುನೀರಿನಲ್ಲಿ ಯಾರದೋ ಹರಿದ ಬಲೆ ದೋಣಿಯ ಹಿಂದೆ ನೀರೊಳಗೆ ತಿರುಗುವ ಫ್ಯಾನಿಗೆ ಸುತ್ತಿಕೊಂಡಿತು. ಎಂಜಿನ್ ಬಂದ್ ಮಾಡಿ ಬಲೆ ಬಿಡಿಸಿ, ಸ್ವಿಚ್ ತಿರುವಿದೆ. ಟಕ್. ಮತ್ತೆ ತಿರುವಿದೆ. ಮತ್ತೆ ಟಕ್, ಅಷ್ಟೆ. ಗಾಳಿಯೂ ಇರಲಿಲ್ಲ.

"ಕುಬಸಕ್ಕ ಹೊಂಟೀವಪಾ. ತೊಟ್ಟಲದಾಗ ಹಾಕೂ ಹೊತ್ತಿಗರ ಮುಟ್ಟಸ್ತಿ ಇಲ್ಲೋ?" ಎಂದು ಅವರಲ್ಲಿ ಹಿರಿಯಳೊಬ್ಬಳು ಕೇಳಿದಳು. ಉಳಿದವರು ನಕ್ಕರು. ದೋಣಿ ಅಡ್ಡಡ್ಡ ತೇಲತೊಡಗಿದ ಮೇಲೆ ಯಾರೂ ನಗಲಿಲ್ಲ. ಮೀನುಗಾರರು ಹಗ್ಗ ಕಟ್ಟಿ ಎಳೆದು ತರುವಷ್ಟರಲ್ಲಿ ಹೆಣ್ಣುಮಕ್ಕಳ ಬುಟ್ಟಿಯ ಹೋಳಿಗೆಯೂ ನನ್ನ ಮುಖವೂ ತಣ್ಣಗಾಗಿದ್ದವು.

ಮರುದಿನದಿಂದ ಯಾರೂ ದೋಣಿ ಹತ್ತಲಿಲ್ಲ. ಸುತ್ತುಬಳಸಿನ ಬಸ್ಸೇ ವಾಸಿ ಎಂದರು. ಮುಂದಿನ ಸಂತೆಯೊಳಗೆ ಬೇರೆ ದೋಣಿಯವನನ್ನು ಕರೆಸುವುದೆಂದು ಹಳ್ಳಿಯ ಹಿರಿಯರು ಮಾತಾಡಿಕೊಂಡರಂತೆ. ಬೇರೆ ಕೆಲಸ ನನಗೆ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ನನ್ನನ್ನು ಕಾಕಾ ನೋಡಿದರು.

"ಯಾಕೋ ತಮ್ಮಾ, ಮಾರಿ ಹಿಂಗ್ಯಾಕ ಜೋತು ಬಿಟ್ಟೀದಿ? ನಡಿ, ನೋಡೂಣು."

"ಕಾಕಾ, ನಿಮಗ ದೋಣಿ ಗೊತ್ತೈತೇನ್ರಿ?"

"ದೋಣಿ ಗೊತ್ತಿಲ್ಲ. ಎಳಿ ಗೊತ್ತೈತಿ."

ಸ್ವಿಚ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ವೈರುಗಳು ಮುಟ್ಟಿದರೆ ಮುರಿಯುವಂತಿದ್ದವು. ಹೆದರುಪುಕ್ಕನಾದ ನಾನು ಮೊದಲು ಬ್ಯಾಟರಿಯ ವೈರು ಕಿತ್ತಿಟ್ಟೆ. ಅವತ್ತು ನನ್ನಿಂದಾದ ಬುದ್ಧಿವಂತಿಕೆ ಅದೊಂದೇ. ಕಾಕಾ ಕಿಲುಬಿದ ತುದಿಗಳನ್ನು ಕತ್ತರಿಸಿ, ಮಗ್ಗದ ಮೇಲೆ ಸೆರಗಿನ ಎಳೆಗಳನ್ನು ಸೀರೆಯ ಮೈಗೆ ಕೂಡಿಸುವ ಶ್ರದ್ಧೆಯಿಂದ ಕೆಂಪಿಗೆ ಕೆಂಪು, ಹಳದಿಗೆ ಹಳದಿ ಜೋಡಿಸಿದರು. ಅಂಗಡಿಯಿಂದ ತಂದ, ಹೊಸ ವಾಸನೆಯ ರಬ್ಬರ್ ಟೋಪಿ ಸ್ವಿಚ್ ಕೂಡಿಸಿ, ಬ್ಯಾಟರಿಯ ವೈರು ಹಾಕಿಸಿ, ಹೆಮ್ಮೆಯಿಂದ ಒತ್ತಿದರು.

ಹಾರ್ನ್ ಹೊಡೆದುಕೊಂಡಿತು. ನೀರಿಗಿಳಿದ ಎಮ್ಮೆಗಳು ದಡಬಡಿಸಿ ದಂಡೆ ಹತ್ತಿದವು. "ಚಾಲೂ ಆಗವಲ್ದು, ಬರೇ ಒದರಾಕ ಹತ್ತೈತಿ. ಖರೆ ಮಾಲಕನಂಗ ಐತಿ ನೋಡ್ರಿ!" ಎಂದು ದಂಡೆಯ ಮೇಲಿನಿಂದ ಯಾರೋ ಕೂಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಕಾನೇ.

ಹಿಂದಿನ ಮಾಲಕರು ಕೈಗೆ ಸಿಕ್ಕ ವೈರಿನ ತುಂಡುಗಳನ್ನು ಸೇರಿಸುತ್ತ ಹೋಗಿದ್ದರು. ಈ ತುದಿಯಲ್ಲಿ ಹಳದಿಯಾಗಿದ್ದದ್ದು ನಡುವೆ ಕಪ್ಪಾಗಿ ಆ ತುದಿಯಲ್ಲಿ ಕೆಂಪಾಗಿತ್ತು. ಬಣ್ಣ ಸುಳ್ಳು ಹೇಳಬಹುದು ಎಂಬುದು ನೇಕಾರರ ತಲೆಗೆ ಹೊಳೆಯುವ ಮಾತಲ್ಲ. "ಇದನ್ನ ನೇಯ್ದಾಂವ ಕುರುಡ ಇರಬೇಕು" ಎಂದು ಬೈಯುತ್ತ ಎಲ್ಲ ಬಿಚ್ಚಿದರು. ನಾನು ಮತ್ತೆ ಬ್ಯಾಟರಿ ಕಿತ್ತೆ. ಅವರು ಇಲ್ಲಿ ಒಂದೊಂದೇ ವೈರನ್ನು ಜಗ್ಗುವುದು, ನಾನು ಎಂಜಿನ್ನಿನ ಬಳಿ ಬೋರಲು ಮಲಗಿ ಯಾವುದು ಅಲುಗಿತೆಂದು ಹೇಳುವುದು. ಹೊತ್ತು ಇಳಿಯುವ ತನಕ ಇದೇ ನಡೆಯಿತು. ಕೊನೆಗೆ ಒತ್ತಿದಾಗ ಎಂಜಿನ್ ಗುಡುಗುಡು ಎಂದು ಎದ್ದಿತು.

"ದಂಡ್ಯಾಗ ಎಲ್ಲಾ ಎಂಜಿನ್ನೂ ಚಾಲೂ ಆಗತಾವು" ಎಂದಿತು ದಂಡೆ. ಯಾರೂ ಹತ್ತಲಿಲ್ಲ.

ಕಾಕಾ ಹಾಯಿಕಂಬ ಹಿಡಿದು ಮುಂದಿನ ಹಲಗೆಯ ಮೇಲೆ ಕೂತರು. "ನಡುನೀರಿಗೆ ಹೊಡಿ" ಎಂದರು. ಹೊಡೆದೆ.

"ಬಂದ್ ಮಾಡು."

"ಕಾಕಾ, ಬ್ಯಾಡ್ರಿ..."

"ಬಂದ್ ಮಾಡಲೇ!"

ಮಾಡಿದೆ. ದಂಡೆಯ ಜನ ಎದ್ದು ನಿಂತಿದ್ದರು. ಕಾಕಾ ಆತುರವಿಲ್ಲದೆ ಒಂದೇ ಕೈಯಲ್ಲಿ ವೀಳ್ಯದೆಲೆ ಮಡಿಚಿ ಬಾಯಿಗಿಟ್ಟರು. "ಹೂಂ, ಒತ್ತು." ಎಂಜಿನ್ ಎದ್ದಿತು. ಮತ್ತೆ ಬಂದ್ ಮಾಡಿಸಿದರು, ಮತ್ತೆ ಒತ್ತಿಸಿದರು. ಅವರು ಹೇಳುವ ಮೊದಲೇ ನಾನಾಗಿ ಒತ್ತುವವರೆಗೂ ಬಿಡಲಿಲ್ಲ.

ತಿರುಗಿ ಬರುವಾಗ ನೋಡಿದೆ. ಕಂಬ ಹಿಡಿದ ಅವರ ಇನ್ನೊಂದು ಕೈ ಬಿಳಿಚಿಕೊಂಡಿತ್ತು.

"ಕಾಕಾ, ನಿಮಗ ಈಜ ಬರತೈತಲ್ರಿ?"

"ಇಳಕಲ್ಲದಾಗ ಎಲ್ಲಿ ಈಜೂದೋ, ಬಣ್ಣದ ಹಂಡೆದಾಗ? ದಂಡಿ ಮುಟ್ಟೂತನಕಾ ಸುಮ್ನಿರು."

ಮೊದಲು ದೋಣಿ ಹತ್ತಿದವಳು ಕುಬಸದ ಆ ಹಿರಿಯಳೇ. "ಈ ಮುದುಕನ ಜೀವಾ ಉಳದೈತಿ ಅಂದಮ್ಯಾಲ ನಮ್ದೂ ಉಳೀತೈತಿ, ಬರ್ರಿ" ಎಂದು ಉಳಿದವರನ್ನೂ ಕರೆದಳು. ಬೇರೆ ದೋಣಿಯ ಮಾತು ಅಲ್ಲಿಗೇ ನಿಂತಿತು. ಇವತ್ತಿಗೂ ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿರುವುದು ಆ ಸಂಜೆಯಿಂದ. ಹಾಗೆಂದು ಕಾಕಾಗೆ ಹೇಳಲು ಹೋದಾಗಲೆಲ್ಲ "ಎಮ್ಮಿ ಓಡಿದ್ದು ನೆನಪೈತೇನೋ?" ಎಂದು ಮಾತು ಮರೆಸಿಬಿಡುತ್ತಿದ್ದರು...

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಪಕ್ಕದ ಮನೆಯ ಸದ್ದು ನಿಂತು, ನಮ್ಮ ಮನೆಯಲ್ಲಿ ನಾವೆಲ್ಲ ಎಚ್ಚರವಾಗಿ ಕೂತೆವು.

ಕಳೆದ ವಾರ ಹೊಸ ಸ್ವಿಚ್ ನಾನೊಬ್ಬನೇ ಕೂಡಿಸಿದೆ. ದಂಡೆಯಲ್ಲಿ ಒಂದೇ ಸಲಕ್ಕೆ ಚಾಲೂ ಆಯಿತು. ಅಷ್ಟಕ್ಕೇ ನಂಬುವ ಹಾಗಿಲ್ಲವಲ್ಲ. ಜನರನ್ನು ಸ್ವಲ್ಪ ಕಾಯಲು ಹೇಳಿ ಒಬ್ಬನೇ ನಡುನೀರಿಗೆ ಹೋದೆ. ಬಂದ್ ಮಾಡು ಎನ್ನುವವರು ಇರಲಿಲ್ಲ. ನಾನೇ ಮಾಡಿದೆ. ಒಂದು ಎಲೆ ಮಡಿಚುವಷ್ಟು ಹೊತ್ತು, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚೇ, ಮುಂದಿನ ಖಾಲಿ ಹಲಗೆ ನೋಡುತ್ತ ಕೂತೆ. ಆಮೇಲೆ ಒತ್ತಿ, ದೋಣಿಯನ್ನು ಜನ ಕಾಯುತ್ತಿದ್ದ ಕಡೆಗೆ ತಿರುಗಿಸಿದೆ.