ಗುಡ್ಡದ ಮೇಲಿಂದ ಕಂಡ ಹೊಲ

ನಿನ್ನೆ ನಮ್ಮ ಮನೆಯಾಕೆ ಅಟ್ಟದ ಮೇಲಿನ ಡಬ್ಬಿಗಳನ್ನೆಲ್ಲ ಇಳಿಸಿ ಅಂಗಳದಲ್ಲಿ ಬಿಸಿಲಿಗೆ ಇಡುತ್ತಿದ್ದಳು. ನಡುವೆ ಒಂದು ಪುಟ್ಟ ಬಟ್ಟೆಯ ಚೀಲ ಸಿಕ್ಕಿತು. ಬಾಯಿ ಬಿಚ್ಚಿದ್ದೇ ತಡ, ಹಳೆಯ ತೊಗರಿಯ ಮುಗ್ಗಲು ವಾಸನೆ ಪಡಸಾಲೆಯವರೆಗೂ ಬಂತು. ‘ಇದೇನ್ರಿ ಇದು, ತೊಗರಿ ತುಂಬಿ ಬಾಯಿ ಹೊಲಿದು ಇಟ್ಟೀರಲ್ಲ? ನುಸಿ ತಿಂದು ಹಿಟ್ಟು ಮಾಡ್ಯಾವ. ಇದನ್ನ ಬ್ಯಾಳಿ ಮಾಡಿಸಿದ್ರ ಎರಡು ಹೊತ್ತಿನ ಸಾರರ ಆಗ್ತಿತ್ತು’ ಎಂದು ನನ್ನತ್ತ ನೋಡಿದಳು. ಅದು ಸಾರಿನ ತೊಗರಿಯಲ್ಲ, ನನ್ನ ಕ್ಯಾಮೆರಾದ ತಲೆದಿಂಬು ಎಂದು ಹೇಳಿದರೆ ಇನ್ನೊಂದು ಮಾತು ಕೇಳಬೇಕಾಗುತ್ತದೆ ಎಂದು ಸುಮ್ಮನಾದೆ. ನಿಮಗಾದರೂ ಹೇಳುತ್ತೇನೆ, ಕೂತುಕೊಳ್ಳಿ.

ಆಗ ನಾನು ಶಹಾಪುರದಲ್ಲಿ ಸಾಲಿ ಮಾಸ್ತರನಾಗಿದ್ದೆ. ಬಹಳ ದಿನ ಆಸೆಪಟ್ಟು ಕಲಬುರಗಿಯಿಂದ ಒಂದು ಜೂಮ್ ಕ್ಯಾಮೆರಾ ತಂದೆ. ಐವತ್ತು ಪಟ್ಟು ಹತ್ತಿರ ತರುತ್ತದೆ ಎಂದು ಅಂಗಡಿಯವನು ಹೇಳಿದಾಗಲೇ ನಾನು ಸೋತಿದ್ದೆ. ಮೂತಿ ಚಾಚಿದರೆ ಮೊಳಕೈಯ ಅರ್ಧದಷ್ಟು ಉದ್ದ. ಸಾಲಿಯಲ್ಲಿ ಅದನ್ನು ನೋಡಿದ ಹೆಡ್ಮಾಸ್ತರರು, ‘ಇದು ಕ್ಯಾಮೆರಾನೋ ತೋಪೋ ಮಾಸ್ತರ? ಸುರಪುರದ ಕೋಟಿಗೆ ಹಾರಸ್ತೀರೇನು?’ ಎಂದು ನಕ್ಕರು. ಮನೆಯಾಕೆ ಮಾತ್ರ ನಗಲಿಲ್ಲ. ‘ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ’ ಎಂದು ಒಳಗೆ ಹೋದಳು.

ಮೊದಲ ಆರು ತಿಂಗಳು ನಾನು ತೆಗೆದ ದೂರದ ಚಿತ್ರಗಳೆಲ್ಲ ಅಂಬಲಿ. ಗುಡ್ಡ ತೆಗೆದರೆ ಮೋಡ ಅನ್ನುತ್ತಿದ್ದರು, ಕೊಕ್ಕರೆ ತೆಗೆದರೆ ಪ್ಲಾಸ್ಟಿಕ್ ಚೀಲವೇ ಎಂದು ಕೇಳುತ್ತಿದ್ದರು. ಆದರೆ ನಾನು ಹಟಮಾರಿ. ಒಂದೊಂದಾಗಿ ಕಲಿತೆ. ಜೂಮಿನ ಕೊನೆಯಲ್ಲಿ ಇನ್ನೂ ಹತ್ತಿರ ತರುತ್ತೇನೆ ಎಂದು ಆಸೆ ತೋರಿಸುವ ಡಿಜಿಟಲ್ ಜೂಮ್ ಇದೆಯಲ್ಲ, ಅದು ಏನನ್ನೂ ಹತ್ತಿರ ತರುವುದಿಲ್ಲ. ಇದ್ದದ್ದನ್ನೇ ಹಿಗ್ಗಿಸಿ ಕೊಡುತ್ತದೆ, ರಬ್ಬರಿನ ಹಾಗೆ. ಅದನ್ನು ಶಾಶ್ವತವಾಗಿ ಬಂದ್ ಮಾಡಿದೆ. ಕೈಯಲ್ಲಿ ಹಿಡಿದರೆ ಎದೆಬಡಿತಕ್ಕೂ ಚಿತ್ರ ಅದುರುತ್ತದೆ ಎಂದು ಗೊತ್ತಾಗಿ ಒಂದು ಚೀಲದಲ್ಲಿ ತೊಗರಿ ತುಂಬಿ ಬಾಯಿ ಹೊಲಿದೆ. ಬಂಡೆಯ ಮೇಲೆ ಚೀಲ, ಚೀಲದ ಮೇಲೆ ಕ್ಯಾಮೆರಾ. ತೊಗರಿ ತಗ್ಗಿ, ಮೂತಿ ಅದರಲ್ಲಿ ಅಲ್ಲಾಡದೆ ಕೂರುತ್ತದೆ. ಬೆರಳು ಒತ್ತಿದರೂ ಅದುರುವುದರಿಂದ ಒತ್ತಿದ ಎರಡು ಸೆಕೆಂಡು ಬಿಟ್ಟು ತಾನೇ ಚಿತ್ರ ತೆಗೆಯುವ ಹಾಗೆ ಹೇಳಿಟ್ಟು ಕೈ ಕಟ್ಟಿ ಕೂರುತ್ತಿದ್ದೆ. ಆ ಎರಡು ಸೆಕೆಂಡು ಉಸಿರು ಬಿಡುತ್ತಿರಲಿಲ್ಲ. ಉಸಿರಿಗೂ ಕ್ಯಾಮೆರಾಕ್ಕೂ ಆಗ ಸಂಬಂಧವೇ ಇರಲಿಲ್ಲ, ಆದರೂ ಬಿಡುತ್ತಿರಲಿಲ್ಲ.

ಇಷ್ಟಾದರೂ ಚಿತ್ರ ನಡುಗುವುದು ನಿಲ್ಲಲಿಲ್ಲ. ಅದರ ಗುಟ್ಟು ಹೇಳಿದವನು ಸಾಬಣ್ಣ. ಗುಡ್ಡದಲ್ಲಿ ಕುರಿ ಮೇಯಿಸುವವನು. ಮಟಮಟ ಮಧ್ಯಾಹ್ನ ಬಂಡೆಯ ಮೇಲೆ ಬೋರಲಾಗಿ ಮಲಗಿದ್ದ ನನ್ನನ್ನು ನೋಡಿ, ‘ಮಾಸ್ತರ್ರ, ಈಗ ಕಲ್ಲು ಕುದಿಯಾಕತ್ತಾವ. ಕುದಿಯೋ ಗಡಿಗ್ಯಾಗ ಮಾರಿ ನೋಡಿದ್ರ ಕಾಣ್ತದೇನ್ರಿ?’ ಎಂದ. ನೆಲದಿಂದೇಳುವ ಝಳದಲ್ಲಿ ಎಂಥ ಕ್ಯಾಮೆರಾವೂ ಕುರುಡು. ಹಾಗೆಂದು ಬೆಳಕು ಹರಿಯುವಾಗಲೇ ಹೋದರೆ ಕಾಲುವೆ ಬಂದ ಮೇಲೆ ಈ ಸೀಮೆಯಲ್ಲಿ ಭತ್ತದ ಗದ್ದೆಗಳ ಮೇಲೆ ಮಂಜು ಕೂತಿರುತ್ತದೆ. ಮಂಜು ಎದ್ದ ಮೇಲೆ, ಕಲ್ಲು ಕಾಯುವ ಮೊದಲು, ಅರ್ಧ ಗಂಟೆ ಸಿಗುತ್ತದೆ. ಆ ಅರ್ಧ ಗಂಟೆ ನನ್ನದು. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ನನ್ನ ಚಿತ್ರದಲ್ಲಿ ಅದರ ಜಾಲಿಮುಳ್ಳು ಕೂಡ ಎಣಿಸಬಹುದಿತ್ತು. ಈ ತಾಲೂಕಿನಲ್ಲಿ ದೂರದ್ದನ್ನು ನನ್ನಷ್ಟು ಚೊಕ್ಕವಾಗಿ ಹಿಡಿಯುವವರು ಇವತ್ತಿಗೂ ಇಲ್ಲ. ಜಂಭ ಅನ್ನುತ್ತೀರಾ? ಅನ್ನಿ.

ಈಗ ಕಾಲುವೆಯ ಮಾತು. ಕೃಷ್ಣೆಯ ನೀರು ಕಾಲುವೆಗೆ ಬಂದ ಮೇಲೆ ನಮ್ಮ ಕಡೆ ಗಂಡು ನೋಡುವ ರೀತಿಯೇ ಬದಲಾಯಿತು. ಮೊದಲು ಹುಡುಗ ಕುಡಿಯುತ್ತಾನೋ, ಅತ್ತೆ ಜಗಳಗಂಟಿಯೋ ಎಂದು ವಿಚಾರಿಸುತ್ತಿದ್ದರು. ಆಮೇಲೆ ಒಂದೇ ಪ್ರಶ್ನೆ: ಹೊಲ ಕಾಲುವೆಯ ಮೇಲೋ, ಕೆಳಗೋ? ಕೆಳಗಿದ್ದರೆ ನೀರು ತಾನೇ ಹರಿದು ಬರುತ್ತದೆ, ಮೇಲಿದ್ದರೆ ಬಗಲಲ್ಲೇ ಹರಿದರೂ ನೋಡಿಕೊಂಡು ಕೂರಬೇಕು. ಆದರೆ ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವಂತಿಲ್ಲ. ಕೇಳಿದರೆ ಆಸೆಬುರುಕರು ಎಂದು ಹೆಸರು ಬರುತ್ತದೆ. ಅದಕ್ಕೆ ಹೆಣ್ಣಿನ ಕಡೆಯವರು ಎತ್ತು ಕೊಳ್ಳುವವರ ವೇಷ ಹಾಕಿ ಆ ಊರಿಗೆ ಹೋಗುತ್ತಿದ್ದರು. ಎತ್ತಿನ ಹಲ್ಲು ನೋಡುತ್ತ ಓರೆಗಣ್ಣಲ್ಲಿ ಹೊಲ ನೋಡಿ, ದರ ಕುದುರಲಿಲ್ಲ ಎಂದು ಎದ್ದು ಬರುವುದು. ಎಲ್ಲರಿಗೂ ಗೊತ್ತಿದ್ದ ನಾಟಕ.

ಸುರಪುರದಲ್ಲಿ ನನ್ನ ಅಕ್ಕ ಇದ್ದಳು. ಭಾವ ಲೈನ್‌ಮನ್. ಅವರ ಒಬ್ಬಳೇ ಮಗಳು ಮಹಾದೇವಿ, ನಮಗೆಲ್ಲ ಮಾದೇವಿ. ಡಿಗ್ರಿ ಮುಗಿಸಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯವರ ಕುಬಸ ಹೊಲಿಯುತ್ತಿದ್ದಳು. ಮಾತು ಕಡಿಮೆ, ಕಣ್ಣು ಬಲು ಚುರುಕು. ಶಿರವಾಳದ ಆಚೆಯ ಒಂದು ಹಳ್ಳಿಯಿಂದ ಭೀಮರಾಯ ಎಂಬ ಹುಡುಗ ಬಂದು ಅವಳನ್ನು ನೋಡಿ ಹೋಗಿದ್ದ. ಹುಡುಗ ಎಲ್ಲರಿಗೂ ಹಿಡಿಸಿದ್ದ. ಉಳಿದದ್ದು ಹೊಲದ ಪ್ರಶ್ನೆ. ಎತ್ತಿನ ವೇಷಕ್ಕೆ ಭಾವನನ್ನು ಕಳಿಸುವಂತಿಲ್ಲ, ಕಂಬ ಹತ್ತಿ ಹತ್ತಿ ಊರೂರಿಗೆ ಅವರ ಮುಖ ಗೊತ್ತು. ನನ್ನನ್ನು ಕಳಿಸುವಂತಿಲ್ಲ, ಎಲ್ಲಿ ಹೋದರೂ ನನ್ನ ಹತ್ತಿರ ಬೆತ್ತದ ಏಟು ತಿಂದವರು ಸಿಗುತ್ತಾರೆ. ‘ನೀವು ಯಾರೂ ಹೋಗೋದು ಬ್ಯಾಡ. ನಾ ಊರಿಗೆ ಕಾಲಿಡದಂಗ ಹೊಲ ತಂದು ನಿಮ್ಮ ಮುಂದ ಇಡ್ತೀನಿ’ ಎಂದೆ ನಾನು. ಎದೆ ಎಷ್ಟು ಉಬ್ಬಿತ್ತೋ!

ದೀಪಾವಳಿ ಕಳೆದಿತ್ತು. ಹೊಲ ಊರಿನ ಯಾವ ಕಡೆ ಎಂಬ ಗುರುತು ಹುಡುಗ ಬಂದಾಗ ಆಡಿದ ಮಾತಿನಲ್ಲೇ ಸಿಕ್ಕಿತ್ತು. ಒಂದು ತಿಂಗಳು, ರಜೆ ಸಿಕ್ಕ ಬೆಳಿಗ್ಗೆಯೆಲ್ಲ, ಆ ಊರ ಎದುರಿನ ಗುಡ್ಡ ಹತ್ತಿ ಮಲಗಿದೆ. ಕೊನೆಗೊಂದು ದಿನ ಗಾಳಿಯೂ ಇಲ್ಲ, ಮಂಜೂ ಇಲ್ಲ. ಮೂವತ್ತು ಸಲ ತೆಗೆದೆ, ಅದರಲ್ಲಿ ಒಂದು ಮುತ್ತು. ಭೀಮರಾಯನ ಹೊಲದ ತೊಗರಿಯ ಹಳದಿ ಹೂವು, ಬದುವಿನ ಕಲ್ಲು, ಅದರ ಹಿಂದೆಯೇ ಒತ್ತಿಕೊಂಡು ಭತ್ತದ ಗದ್ದೆ, ಅದಕ್ಕೆ ತಾಗಿ ಬೆಳ್ಳಗೆ ಹೊಳೆಯುವ ಕಾಲುವೆ, ನಡುವೆ ಸಾಲಾಗಿ ಕರೆಂಟಿನ ಕಂಬ. ಕೈ ಚಾಚಿದರೆ ನೀರು. ಈ ವರ್ಷ ತೊಗರಿ ಹಾಕಿದ್ದಾರೆ, ಬರುವ ವರ್ಷ ಭತ್ತ ಹಚ್ಚುತ್ತಾರೆ ಎಂದು ನಾನೇ ನಿರ್ಧಾರ ಮಾಡಿಬಿಟ್ಟೆ. ಯಾದಗಿರಿಯ ಸ್ಟುಡಿಯೋದಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅಕ್ಕನ ಮನೆಯ ಹೊರಸಿನ ಮೇಲೆ ಹಾಸಿದೆ. ಅಕ್ಕ ಕಾಲುವೆಗೆ ಕೈ ಮುಗಿದಳು. ಭಾವ ಅಂದೇ ಹುಡುಗನ ಮನೆಯವರಿಗೆ ಒಪ್ಪಿಗೆ ಹೇಳಿ ಕಳಿಸಿದರು. ಬರುವ ಐತವಾರ ನಿಶ್ಚಯ.

ನಾಲ್ಕು ದಿನ ಬಿಟ್ಟು ನಾನು ಮತ್ತೆ ಅಕ್ಕನ ಮನೆಗೆ ಹೋದಾಗ ಮಾದೇವಿ ಆ ಚಿತ್ರವನ್ನು ಹೊಲಿಗೆ ಯಂತ್ರದ ಮೇಲೆ ಹರಡಿ ಗುಂಡುಸೂಜಿಯ ತುದಿಯಿಂದ ಏನೋ ಎಣಿಸುತ್ತಿದ್ದಳು.

‘ಮಾಮಾ, ಫೋಟೋ ಭಾಳ ಚಂದ ಬಂದದ. ಒಂದು ಕಂಬನೂ ತಪ್ಪಿಲ್ಲ’ ಎಂದಳು.

‘ಬರಲಾರದೇನವ್ವಾ? ತೆಗೆದವರು ಯಾರು?’

‘ಕಾಲುವಿಯಿಂದ ಅವರ ಹೊಲದ ತನಕ ಹತ್ತೊಂಬತ್ತು ಕಂಬ ಅದಾವ. ಅಪ್ಪ, ಕಂಬದಿಂದ ಕಂಬಕ್ಕ ಎಷ್ಟು ಹೆಜ್ಜಿ?’

ಊಟಕ್ಕೆ ಕೂತಿದ್ದ ಭಾವನ ಕೈ ರೊಟ್ಟಿಯ ಮೇಲೇ ನಿಂತಿತು. ‘ಎಂಬತ್ತರ ಹತ್ರ’ ಎಂದರು ಮೆಲ್ಲಗೆ. ‘ಹತ್ತೊಂಬತ್ತು ಅಂದ್ರ... ಕಿಲೋಮೀಟರ್ ದಾಟ್ತದ.’

‘ನಡುವಿನ ಆರು ಕಂಬಕ್ಕ ಕಾಲಽ ಇಲ್ಲ, ತೆಲಿ ಅಷ್ಟಽ ಕಾಣಾಕತ್ತಾವ. ಅಲ್ಲಿ ತೆಗ್ಗು ಅದ. ಹೊಲ ತೆಗ್ಗಿನ ಈಚಿ ಕಡಿ, ಏರಿನ ಮ್ಯಾಲ. ನೀರು ಏರು ಹತ್ತತದೇನು ಮಾಮಾ?’

ನನ್ನ ಮುಖ ನೋಡಬೇಕಿತ್ತು ನೀವು. ದೂರದಿಂದ ಜೂಮ್ ಎಳೆದರೆ ಹಿಂದಿನದು ಮುಂದಿನದು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಗುಡಿಯ ಕಳಸದ ಮೇಲೆ ಚಂದ್ರನನ್ನು ಕೂರಿಸಿದ ಚಿತ್ರ ತೆಗೆದು ಸಾಲಿಯಲ್ಲೆಲ್ಲ ಮೆರೆದವನೇ ನಾನು. ಗೊತ್ತಿದ್ದೂ ಮರೆತೆ. ನನ್ನ ಅಕ್ಕನ ಮಗಳು ನೀರಿರುವ ಮನೆಗೆ ಹೋಗಲಿ ಎಂಬ ಆಸೆ ಒಂದು, ನನ್ನ ಚಿತ್ರದಿಂದಲೇ ಹೋಗಲಿ ಎಂಬ ಆಸೆ ಇನ್ನೊಂದು. ಎರಡು ಆಸೆಯ ನಡುವೆ ಕಿಲೋಮೀಟರ್ ದೂರ ಮಾಯವಾಗಿತ್ತು. ‘ಫೋಟೋ ಸುಳ್ಳು ಹೇಳ್ತದೇನ?’ ಎಂದು ಬಾಯಿ ಮಾತ್ರ ತಾನಾಗಿ ಅಂದಿತು.

‘ಫೋಟೋ ಖರೇನ ಹೇಳ್ಯಾದ. ನೀವು ಕೇಳ್ಸಿಕೊಳ್ಳಲಿಲ್ಲ’ ಎಂದಳು ಮಾದೇವಿ. ‘ನಡೀರಿ, ನಾ ಹೋಗಿ ನೋಡ್ತೀನಿ.’

ಅಕ್ಕ ಬೆಚ್ಚಿಬಿದ್ದಳು. ‘ಹುಚ್ಚು ಹಿಡಿದದೇನ? ಹೆಣ್ಣು ತಾನಽ ಗಂಡಿನ ಹೊಲ ನೋಡಾಕ ಹೋಗೋದಂದ್ರ ಮಂದಿ ಏನಂತಾರ?’

‘ಬಾಳೇವು ಮಂದಿ ಮಾಡ್ತಾರೇನವ್ವಾ? ನಾ ಮಾಡಬೇಕು.’

ಭಾವ ಅಕ್ಕನ ಕಡೆ ನೋಡಲಿಲ್ಲ. ‘ಕರ್ಕೊಂಡು ಹೋಗು’ ಎಂದಷ್ಟೇ ನನಗೆ ಹೇಳಿದರು.

ಮರುದಿನ ಮೋಟರ್‌ಸೈಕಲ್ಲನ್ನು ಕಾಲುವೆಯ ದಂಡೆಯ ಮೇಲೆ ನಿಲ್ಲಿಸಿ ಇಬ್ಬರೂ ಕಂಬದ ಸಾಲು ಹಿಡಿದು ನಡೆದೆವು. ಮೊದಲ ಏಳು ಕಂಬ ಭತ್ತದ ಗದ್ದೆಗಳ ನಡುವೆ. ಆಮೇಲೆ ದಾರಿ ಹಳ್ಳಕ್ಕೆ ಇಳಿಯಿತು. ನನ್ನ ಚಪ್ಪಲಿಗೆ ಎರೆಮಣ್ಣು ಮೆತ್ತಿ ಒಂದೊಂದು ಕಾಲೂ ಒಂದೊಂದು ಸೇರು ಭಾರವಾಯಿತು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಮುಂದೆ ನಡೆದಳು. ಹಳ್ಳ ದಾಟಿ ಏರು ಹತ್ತುವಾಗ ನೆಲ ಕಲ್ಲು ಬೆರೆತ ಕೆಂಪು ಮಸಬು ಮಣ್ಣು. ನಾನು ಹದಿನಾಲ್ಕನೆಯ ಕಂಬಕ್ಕೆ ಒರಗಿ ಏದುಸಿರು ಬಿಡುತ್ತಿದ್ದಾಗ ಅವಳು ಹದಿನಾರು ದಾಟಿದ್ದಳು.

ಹತ್ತೊಂಬತ್ತನೆಯ ಕಂಬದ ಬುಡದಲ್ಲಿ ಒಂದು ಸೈಕಲ್ಲು, ಅದಕ್ಕೆ ಕಟ್ಟಿದ ಎರಡು ಪ್ಲಾಸ್ಟಿಕ್ ಕೊಡ. ತೊಗರಿಗೆ ಔಷಧ ಹೊಡೆಯಲು ಭೀಮರಾಯ ಅಷ್ಟು ದೂರದಿಂದ ನೀರು ಹೇರಿಕೊಂಡು ಬಂದಿದ್ದ. ನಮ್ಮನ್ನು ಕಂಡವನೇ ತಲೆಯ ಟವೆಲ್ಲಿನಿಂದ ಕೈ ಒರೆಸಿಕೊಂಡು ಬಂದ. ಮಾದೇವಿಯನ್ನು ಗುರುತು ಹಿಡಿದು ಕಣ್ಣು ತಗ್ಗಿಸಿ, ನನಗೆ ಹೇಳಿದ, ‘ಬರ್ರಿ ಸರ. ಅಂತೂ ಗುಡ್ಡ ಇಳಿದು ಬಂದ್ರಿ.’

‘ಗುಡ್ಡ?’ ಎಂದೆ.

‘ತಿಂಗಳಗಟ್ಲೆ ಮಲಗಿದ್ರೆಲ್ರಿ. ದುರ್ಬೀನು ಬಿಸಲಿಗೆ ಮಿಂಚಿದ್ರ ಇಡೀ ಊರಿಗೆ ಕಾಣ್ತಿತ್ತು.’

ನಾನು ನೆಲ ನೋಡಿದೆ. ಮಾದೇವಿ ಸುತ್ತಿ ಬಳಸಲಿಲ್ಲ. ‘ಕಾಲುವಿ ನೀರು ಈ ಹೊಲಕ್ಕ ಬರ್ತದೇನ್ರಿ?’ ಎಂದು ಕೇಳಿಯೇಬಿಟ್ಟಳು.

‘ಇಲ್ರಿ. ಏರು ಅದ. ನಮ್ಮ ಜೀವಮಾನದಾಗ ಬರಂಗಿಲ್ಲ’ ಎಂದ ಅವನು, ಒಂದು ಕ್ಷಣವೂ ತಡೆಯದೆ. ಆಮೇಲೆ ನನ್ನತ್ತ ತಿರುಗಿ ಕೈ ಮುಗಿದ. ‘ಮೊದಲು ಎರಡು ಮನಿಯವರು ಎತ್ತು ನೋಡೋ ನೆವದಲೆ ಬಂದು ಹೊಲ ನೋಡಿ ಹೊಳ್ಳಿ ಬರಲಿಲ್ರಿ. ನೀವು ತಿಂಗಳಾನಗಟ್ಲೆ ಎಲ್ಲಾ ನೋಡಿ, ನೀರಿಲ್ಲ ಅಂತ ಗೊತ್ತಿದ್ದೂ ಒಪ್ಪಿದ್ರಿ. ನಮ್ಮವ್ವ ಊರಾಗ ಮನಿಮನಿಗೆ ಹೋಗಿ ಹೇಳಾಕತ್ತಾಳ್ರಿ, ಮಂದಿ ಅಂದ್ರ ಅಂಥವರು, ನೀರು ನೋಡಲಿಲ್ಲ, ನನ್ನ ಮಗನ್ನ ನೋಡಿದ್ರು ಅಂತ.’

ಆ ಬಂಡೆಗಲ್ಲಿನ ಮೇಲೆ ಮಲಗಿ ನೋಡಿದ ಎಷ್ಟೋ ಸಂಗತಿ ಮರೆತಿದ್ದೇನೆ, ಈ ಮಾತು ಮರೆತಿಲ್ಲ. ಹೌದು ಎಂದುಬಿಟ್ಟಿದ್ದರೆ ನಾನು ದೊಡ್ಡ ಮನುಷ್ಯನಾಗಿಯೇ ಉಳಿಯುತ್ತಿದ್ದೆ. ಆ ತಾಯಿಯ ಸಂತೋಷವೂ ಉಳಿಯುತ್ತಿತ್ತು. ಮಾದೇವಿ ನನ್ನನ್ನೇ ನೋಡುತ್ತಿದ್ದಳು.

‘ಇಲ್ಲಪ್ಪಾ. ನಾ ನೋಡಿದ್ದು ತಪ್ಪು. ಕಾಲುವಿ ನಿಮ್ಮ ಬದುವಿಗೇ ಹತ್ಯಾದ ಅಂತ ತಿಳಕೊಂಡು ಒಪ್ಪಿಸಿದೆ’ ಎಂದೆ. ಜೀವನದಲ್ಲಿ ಅಷ್ಟು ನಾಚಿಕೆಯಾದದ್ದು ಇನ್ನೊಂದು ಸಲ ಇಲ್ಲ.

ಭೀಮರಾಯನ ಮುಖ ಬಾಡಿತು. ಕೋಪ ಮಾಡಿಕೊಳ್ಳಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡ. ‘ಹಂಗಂದ್ರ ಐತವಾರ ಬರೋದು ಬ್ಯಾಡೇನ್ರಿ? ನಮ್ಮವ್ವಗ ನಾನಽ ಹೇಳ್ತೀನಿ’ ಎಂದ.

ಮಾದೇವಿ ಚಪ್ಪಲಿ ಕೆಳಗಿಟ್ಟು ಕಾಲಿಗೆ ಹಾಕಿಕೊಂಡಳು. ‘ಮಾಮಾ ದೂರದಿಂದ ನೋಡಿದ್ರು, ತಪ್ಪಿದ್ರು. ನಾ ನಡಕೊಂಡು ಬಂದು ನೋಡೀನಿ. ಕೇಳಿದ್ದಕ್ಕ ಖರೇ ಹೇಳಿದ್ರಿ. ಐತವಾರ ಬರ್ರಿ.’

ಐತವಾರ ಅವರು ಬಂದರು. ಭಾವ ತಾವೇ ಎದುರು ಹೋಗಿ ಕರೆತಂದರು. ಅಕ್ಕ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು, ಅದನ್ನು ನಾನು ಅನುಭವಿಸಲೇಬೇಕಿತ್ತು.

ಇದೆಲ್ಲ ಆಗಿ ಬಹಳ ವರ್ಷಗಳಾದವು. ಕ್ಯಾಮೆರಾ ನಾನು ಬಿಟ್ಟಿಲ್ಲ. ಈಗಲೂ ಹಕ್ಕಿ, ಗುಡ್ಡ, ಗುಡಿ ಏನೇ ಇರಲಿ, ಚೊಕ್ಕವಾಗಿಯೇ ತೆಗೆಯುತ್ತೇನೆ. ಮನುಷ್ಯರ ವಿಷಯವಾದರೆ ಮಾತ್ರ ಬಾಗಿಲಿಗೆ ಹೋಗಿ ಬಾಯಿಬಿಟ್ಟು ಕೇಳುತ್ತೇನೆ. ಆಸೆಬುರುಕ ಅಂದರೆ ಅನ್ನಲಿ. ಮಾದೇವಿಯ ಹೊಲಕ್ಕೆ ಇವತ್ತಿಗೂ ನೀರು ಬಂದಿಲ್ಲ. ತೊಗರಿಯಲ್ಲಿ, ಹೊಲಿಗೆಯಲ್ಲಿ, ಒಳ್ಳೆಯ ವರ್ಷ ಕೆಟ್ಟ ವರ್ಷ ಎರಡನ್ನೂ ಕಂಡು ಸಂಸಾರ ಮಾಡಿದ್ದಾಳೆ. ಈಗ ಅವಳ ಮೈದುನನಿಗೆ ಹೆಣ್ಣು ನೋಡುತ್ತಿದ್ದಾರೆ. ಹೋದ ವಾರ ನಾನು ಅಲ್ಲಿದ್ದಾಗಲೇ ಒಂದು ಮನೆಯವರು ಬಂದರು, ಅದೂ ಇದೂ ಮಾತಾಡುತ್ತ ಕಿಟಕಿಯಿಂದಾಚೆ ಕಣ್ಣು ಹಾಯಿಸತೊಡಗಿದರು. ಮಾದೇವಿ ಕಪ್ಪುಬಸಿಯ ತಟ್ಟೆ ಹಿಡಿದು ಹೊರಗೆ ಬಂದಳು.

‘ನಮ್ಮ ಹೊಲಕ್ಕ ಕಾಲುವಿ ನೀರು ಬರಂಗಿಲ್ರಿ’ ಎಂದಳು. ‘ಚಾ ತೊಗೋರಿ.’