ಗೋದಾ ಹೆಸರಿನ ಅರ್ಚನೆ

ಮಳವಳ್ಳಿಯ ಪಾರ್ಥಸಾರಥಿಗಳು ಅಷ್ಟು ವರ್ಷ ಸಂಸಾರ ಮಾಡಿದರೂ ಹೆಂಡತಿಯನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ‘ಇವಳೇ’ ಅಂದರೆ ಸಾಕು, ಅಡುಗೆಮನೆಯಿಂದ ‘ಬಂದೆ’ ಎಂಬ ಉತ್ತರ ಬರುತ್ತಿತ್ತು. ಗೋದಾ ಎಂಬ ಹೆಸರು ಅವರ ಬಾಯಿಗೆ ಬರುತ್ತಿದ್ದದ್ದು ಗರ್ಭಗುಡಿಯಲ್ಲಿ ಮಾತ್ರ. ಅರ್ಚಕರಲ್ಲವೇ, ದಿನಾ ಬೆಳಿಗ್ಗೆ ಊರವರ ಹೆಸರಿಗಿಂತ ಮುಂಚೆ ಮನೆಯವಳ ಗೋತ್ರ, ನಕ್ಷತ್ರ, ಹೆಸರು ಹೇಳಿ ದೇವರಿಗೊಂದು ತುಳಸಿ ಏರಿಸುತ್ತಿದ್ದರು. ಅವಳು ತೀರಿಕೊಂಡ ಮೇಲೆ ಅದೂ ನಿಂತಿತು. ಸತ್ತವರ ಹೆಸರಿನಲ್ಲಿ ಅರ್ಚನೆ ಸಲ್ಲದು.

ಈ ವಿಷಯದಲ್ಲಿ ಅವರು ಮಹಾ ಕಟ್ಟುನಿಟ್ಟು. ಹಿಂದೊಮ್ಮೆ ಚಲುವಮ್ಮ ಎಂಬಾಕೆ ತೀರಿಹೋದ ಗಂಡನ ಹೆಸರು ಕೊಟ್ಟಾಗ ಹಣ್ಣುಕಾಯಿ ತಟ್ಟೆಯನ್ನೇ ಹಿಂದಕ್ಕೆ ಸರಿಸಿದ್ದರು.

“ಒಂದ್ಸಲ ಯೋಳ್ಬುಡಿ ಸ್ವಾಮಿ. ಕಿವಿಗೆ ಬಿದ್ರೆ ಸಾಕು ನಂಗೆ,” ಎಂದು ಆಕೆ ಅಂಗಲಾಚಿದರೂ ಜಗ್ಗಿರಲಿಲ್ಲ.

ಈಗ ಅವರಿಗೂ ಅದೇ ಆಸೆ ಹತ್ತಿತು. ಮಕ್ಕಳಿಲ್ಲ, ಪೂಜೆಯ ಕೆಲಸವೂ ಬಿಟ್ಟಾಗಿದೆ. ಮನೆಯ ಮೌನ ತಿನ್ನಲು ಬರುತ್ತಿತ್ತು. ಮಂಡ್ಯ, ಮದ್ದೂರಿನ ಕಡೆಯ ಗುಡಿಗಳಲ್ಲೆಲ್ಲ ಪರಿಚಯದವರೇ. ಗೋದಾ ಇಲ್ಲವೆಂದು ಎಲ್ಲರಿಗೂ ಗೊತ್ತು. ಅದಕ್ಕೇ ಬಸ್ಸಿನ ಮೇಲೆ ಬಸ್ಸು ಹಿಡಿದು ಬೇಲೂರಿಗೆ ಬಂದರು.

ದೇವಸ್ಥಾನದ ಅಂಗಳದ ಕಲ್ಲು ಕಾದ ಹೆಂಚಾಗಿತ್ತು. ಗೈಡುಗಳು ಕೈಯೆತ್ತಿ ಶಿಲಾಬಾಲಿಕೆಯರನ್ನು ತೋರಿಸುತ್ತಿದ್ದರು, ಜನ ಕತ್ತು ನೋಯುವಷ್ಟು ಹೊತ್ತು ನೋಡುತ್ತಿದ್ದರು. ಪಾರ್ಥಸಾರಥಿಗಳು ತಲೆ ಎತ್ತದೆ ನೇರ ಒಳಗೆ ನಡೆದರು.

“ಯಾರ ಹೆಸರಿನಲ್ಲಿ?” ಎಂದು ಅಲ್ಲಿಯ ಅರ್ಚಕರು ಕೇಳಿದರು.

“ಭಾರದ್ವಾಜ ಗೋತ್ರ, ಪುಬ್ಬಾ ನಕ್ಷತ್ರ. ಗೋದಾ.”

ಅರ್ಚಕರು ಗಟ್ಟಿಯಾಗಿಯೇ ಹೇಳಿದರು. ಗೋದಾಗೆ ಆಯುಸ್ಸು ಕೊಡು, ಆರೋಗ್ಯ ಕೊಡು ಎಂದು ಸಂಸ್ಕೃತದಲ್ಲಿ ಬೇಡಿದರು. ಆ ಮಾತಿನ ಅರ್ಥ ಪಾರ್ಥಸಾರಥಿಗಳಿಗೆ ಗೊತ್ತಿತ್ತು. ತಡೆಯಬೇಕಿತ್ತು, ತಡೆಯಲಿಲ್ಲ. ಚಲುವಮ್ಮನ ಮುಖ ನೆನಪಾಯಿತು.

“ಮನೆಯವರು ಬರಲಿಲ್ವೇ?”

“ಬಿಸಿಲು ನೋಡಿ. ಅವಳಿಗೆ ಆಗಲ್ಲ.”

ದೇವರೆದುರು ಅವರು ಹೇಳಿದ ಮೊದಲ ಸುಳ್ಳು ಅದು. “ಹಾಗಾದ್ರೆ ಇದನ್ನ ಅವರಿಗೆ ಮುಡಿಯೋಕೆ ಕೊಡಿ,” ಎಂದು ಅರ್ಚಕರು ಒಂದು ತುಂಡು ಸೇವಂತಿಗೆ ಮಾಲೆಯನ್ನು ಅವರ ಬೊಗಸೆಗೆ ಹಾಕಿದರು.

ಹೊರಗೆ ಬಂದು ಪ್ರಾಕಾರದ ನೆರಳಿನಲ್ಲಿ ಕುಳಿತರು. ಸುತ್ತ ಯಾರೂ ಇರಲಿಲ್ಲ. ಮಂತ್ರವಿಲ್ಲದೆ, ಗೋತ್ರವಿಲ್ಲದೆ, ಇವತ್ತಾದರೂ ತಾನೇ ಅವಳನ್ನು ಹೆಸರು ಹಿಡಿದು ಕರೆಯಬೇಕೆನಿಸಿತು. ಬಾಯಿ ತೆರೆದರು.

“ಇವಳೇ,” ಎಂದರು.

ಹೂವು ಹಿಡಿದುಕೊಂಡು ಸ್ವಲ್ಪ ಹೊತ್ತು ಕಾದರು.